ಐದನೆಯ ಚಕ್ರಕ್ಕೆ ತಕ್ಕ ತಾಣ

ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳ ಮುಂದೆ ಈಚಿನ ವರ್ಷಗಳಲ್ಲಿ ಜೀಪಿನ ಜಾತಿಗೆ ಸೇರಿದ ಎತ್ತರದ ವಾಹನಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತಿವೆ. ವಾರದ ದಿನಗಳಲ್ಲಿ ಅವು ಕಚೇರಿಯ ದಾರಿಯಲ್ಲಿ ತೆವಳುತ್ತಿದ್ದರೂ, ಬೇಸಗೆಯ ರಜೆಗೋ ಊರಿನ ಜಾತ್ರೆಗೋ ಹೊರಟಾಗಲೇ ಅವುಗಳ ನಿಜವಾದ ಯೋಗ್ಯತೆ ಬೆಳಕಿಗೆ ಬರುವುದು. ಹೆದ್ದಾರಿ ಎಷ್ಟೇ ಅಗಲವಾಗಿರಲಿ, ಮಲೆನಾಡಿನ ತೋಟದ ಮನೆಯನ್ನು ತಲಪುವ ಕೊನೆಯ ನಾಲ್ಕು ಮೈಲಿ ಇಂದಿಗೂ ಹಲವೆಡೆ ಕಲ್ಲು, ಕೆಸರು, ಹಳ್ಳಗಳ ದಾರಿಯೇ. ಕೊಡಚಾದ್ರಿಯ ನೆತ್ತಿಗೂ ಮಡಿಕೇರಿ ಸಮೀಪದ ಮಾಂದಲಪಟ್ಟಿಗೂ ಏರುವ ಜೀಪಿನ ಜಾಡುಗಳನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂತಹ ದಾರಿಯೊಂದರಲ್ಲಿ ಸಂಜೆಯ ಹೊತ್ತು ಚೂಪುಗಲ್ಲು ತಾಗಿ ಟೈರು ಸೀಳಿತೆಂದು ಭಾವಿಸೋಣ. ಮನೆಯೊಡೆಯನಿಗೆ ಐವತ್ತರ ಅಂಚು. ಹನ್ನೆರಡು ಗಂಟೆ ವಾಹನ ನಡೆಸಿ ಸೊಂಟ ಸೆಟೆದುಕೊಂಡಿದೆ. ಜೊತೆಯಲ್ಲಿ ಪತ್ನಿ, ವಯಸ್ಸಾದ ತಾಯಿ, ಇಬ್ಬರು ಮಕ್ಕಳು, ಒಳಗೆಲ್ಲ ಗಂಟುಮೂಟೆ. ವಾಹನ ಇಳಿಜಾರಿನಲ್ಲಿ ನಿಂತಿದೆ, ಮಳೆ ಹನಿಯುತ್ತಿದೆ. ಈ ಗಳಿಗೆಯಲ್ಲಿ ಎಂಜಿನ್ನಿನ ಅಶ್ವಶಕ್ತಿಯಿಂದ ಏನೂ ಆಗಬೇಕಾಗಿಲ್ಲ. ಐದನೆಯ ಚಕ್ರ ಎಲ್ಲಿದೆ, ಅದನ್ನು ಇಳಿಸಬಲ್ಲವರು ಯಾರು ಎಂಬುದಷ್ಟೇ ಮುಖ್ಯ. ವಾಹನ ಕೊಳ್ಳುವಾಗ ಬಣ್ಣವನ್ನೂ ಬಡ್ಡಿಯ ದರವನ್ನೂ ಹತ್ತು ಬಾರಿ ವಿಚಾರಿಸುವವರು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳುವುದಿಲ್ಲ.

ಈ ಚಕ್ರವನ್ನು ನಮ್ಮವರು ಸ್ಟೆಪ್ನಿ ಎಂದು ಕರೆಯುವುದುಂಟು. ಇಂಗ್ಲೆಂಡಿನಲ್ಲಿಯೇ ಬಹುಮಟ್ಟಿಗೆ ಮರೆತುಹೋದ ಈ ಹೆಸರು ಭಾರತದ ಗ್ಯಾರೇಜುಗಳಲ್ಲಿ ಇನ್ನೂ ಜೀವಂತವಾಗಿದೆ. ವೇಲ್ಸ್ ಪ್ರಾಂತದ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ವ್ಯಾಪಾರಿಗಳಾಗಿದ್ದ ಡೇವಿಸ್ ಸಹೋದರರು 1904ರಲ್ಲಿ, ಕಡ್ಡಿಗಳಿಲ್ಲದ ರಿಮ್ಮೊಂದಕ್ಕೆ ಗಾಳಿ ತುಂಬಿದ ಟೈರನ್ನು ತೊಡಿಸಿ, ಗಾಳಿ ಹೋದ ಚಕ್ರದ ಪಕ್ಕಕ್ಕೆ ಬಿಗಿಯುವ ಉಪಾಯವನ್ನು ಮಾರುಕಟ್ಟೆಗೆ ತಂದರು. ಅಂದಿನ ಮೋಟಾರುಗಳಿಗೆ ಬದಲಿ ಚಕ್ರವೇ ಇರುತ್ತಿರಲಿಲ್ಲ. ಬೀದಿಯ ಹೆಸರು ಸರಕಿಗೂ, ಸರಕಿನ ಹೆಸರು ಕಾಲಾನಂತರದಲ್ಲಿ ಎಲ್ಲ ಬದಲಿ ಚಕ್ರಗಳಿಗೂ ಅಂಟಿಕೊಂಡಿತು.

ಬದಲಿ ಚಕ್ರ ಸಂಸಾರದ ಆಪದ್ಧನವಿದ್ದಂತೆ. ಆಪದ್ಧನಕ್ಕೆ ಎರಡು ಲಕ್ಷಣಗಳು ಬೇಕು. ಬೇಡವಾದ ದಿನಗಳಲ್ಲಿ ಅದು ದೈನಂದಿನ ವ್ಯವಹಾರಕ್ಕೆ ಅಡ್ಡಿಯಾಗಬಾರದು. ಬೇಕಾದ ದಿನ ತಡವಿಲ್ಲದೆ ಕೈಗೆ ಬರಬೇಕು. ಚಕ್ರದ ತಾಣವನ್ನು ಅಳೆಯಲು ಇವೇ ಎರಡು ಮಾನದಂಡಗಳು ಸಾಕು. ಮೊದಲನೆಯದು ಭಾರದ ಪ್ರಶ್ನೆ: ಅಷ್ಟು ತೂಕವನ್ನು ಎಲ್ಲಿಟ್ಟರೆ ವಾಹನದ ಸಮತೋಲ ಕೆಡುವುದಿಲ್ಲ? ಎರಡನೆಯದು ದೇಹದ ಪ್ರಶ್ನೆ: ಎಲ್ಲಿಟ್ಟರೆ ಮನುಷ್ಯನ ಸೊಂಟ ಉಳಿಯುತ್ತದೆ? ವಾಹನ ತಜ್ಞರು ಮೊದಲನೆಯದನ್ನೇ ಹೆಚ್ಚಾಗಿ ಚರ್ಚಿಸುತ್ತಾರೆ. ಆದರೆ ಸಂಸಾರವಂದಿಗರಿಗೆ ಎರಡನೆಯದೂ ಅಷ್ಟೇ ಮುಖ್ಯ, ಒಂದು ಗುಲಗಂಜಿ ಹೆಚ್ಚೇ ಎಂದರೂ ತಪ್ಪಲ್ಲ.

ಚಕ್ರದ ತೂಕ ಅಲ್ಪವಲ್ಲ. ಚಿಕ್ಕ ಜೀಪಿನ ಚಕ್ರ ರಿಮ್ಮು ಸಹಿತ 20 ಕಿಲೋದ ಆಸುಪಾಸಿನಲ್ಲಿದ್ದರೆ, ದೊಡ್ಡ ವಾಹನಗಳದು 30 ಕಿಲೋ ದಾಟಿ 40ರ ಹತ್ತಿರಕ್ಕೂ ಹೋಗುತ್ತದೆ. ಗಾತ್ರವನ್ನು ಟೈರಿನ ಮೇಲಿನ ಅಂಕಿಗಳಿಂದಲೇ ಲೆಕ್ಕ ಹಾಕಬಹುದು. 255/65 ಆರ್ 18 ಎಂದಿದ್ದರೆ ಟೈರಿನ ಅಗಲ 255 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 65 ಪಾಲು, ರಿಮ್ಮಿನ ವ್ಯಾಸ 18 ಅಂಗುಲ. ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 79 ಸೆಂಟಿಮೀಟರ್. ಮನೆಯ ಊಟದ ಮೇಜಿಗಿಂತ ತುಸು ಎತ್ತರದ ಈ ವಸ್ತುವನ್ನು ಬಚ್ಚಿಡುವುದು ಸುಲಭವಲ್ಲ.

ಎರಡನೆಯ ಮಹಾಯುದ್ಧದ ವಿಲ್ಲಿಸ್ ಸೈನಿಕ ಜೀಪಿನಲ್ಲಿ ಚಕ್ರ ಹಿಂಬದಿಯ ತಗಡಿಗೆ ಅಂಟಿಕೊಂಡಿರುತ್ತಿತ್ತು. ಅಲ್ಲಿ ತೆರೆಯುವ ಬಾಗಿಲೇ ಇರಲಿಲ್ಲವಾದ್ದರಿಂದ ತೊಂದರೆಯೂ ಇರಲಿಲ್ಲ. 1945ರಲ್ಲಿ ರೈತರಿಗೆಂದು ನಾಗರಿಕ ಜೀಪನ್ನು ತಯಾರಿಸಿದಾಗ ಸಾಮಾನು ಏರಿಸಲು ಹಿಂದೆ ಮಡಚುವ ಹಲಗೆ ಬೇಕಾಯಿತು. ಚಕ್ರ ಪಕ್ಕಕ್ಕೆ ಸರಿಯಿತು. ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಜೀಪುಗಳ ಜೋಡಣೆಯನ್ನು ಆರಂಭಿಸಿದ ಮೇಲೆ ಆ ಪಕ್ಕದ ಚಕ್ರ ನಮ್ಮ ಹಳ್ಳಿಗಳಿಗೂ ಪರಿಚಿತವಾಯಿತು. ನೋಟಕ್ಕೆ ಅದು ಚೆಲುವು. ಭಾರ ತಗ್ಗಿನಲ್ಲಿರುತ್ತದೆ, ಇಳಿಸಲು ಕಷ್ಟವಿಲ್ಲ. ಆದರೆ ಇಕ್ಕಟ್ಟಿನ ಜಾಡಿನಲ್ಲಿ ಬೇಲಿ, ಬಂಡೆ, ಎದುರು ಬರುವ ಎತ್ತಿನ ಗಾಡಿ ಎಲ್ಲಕ್ಕೂ ಮೊದಲು ತಾಗುವುದು ಅದೇ. 1948ರಲ್ಲಿ ಬಂದ ಬ್ರಿಟನ್ನಿನ ಲ್ಯಾಂಡ್ ರೋವರಿನಲ್ಲಿ ಚಕ್ರವನ್ನು ಬಾನೆಟ್ಟಿನ ಮೇಲೆ ಮಲಗಿಸುವ ಏರ್ಪಾಡೂ ಇತ್ತು. ಮುಂದಿನ ಆಕ್ಸಲಿಗೆ ಭಾರ ಬಿದ್ದು ಏರಿನಲ್ಲಿ ಹಿಡಿತ ಸಿಗುತ್ತಿತ್ತೆಂಬುದು ನಿಜ. ಆದರೆ ಬಾನೆಟ್ಟು ಎತ್ತಲು ಭೀಮಬಲ ಬೇಕು, ಮೂಗಿನ ಮುಂದಿನ ಹಳ್ಳವೂ ಕಾಣಿಸದು. ದಾರಿಯಲ್ಲಿ ಮಕ್ಕಳು ಓಡಾಡುವ ಊರುಗಳಿಗೆ ಅದು ಹೇಳಿಸಿದ್ದಲ್ಲ.

ಇಂದಿನ ಕೊಳ್ಳುಗನ ಮುಂದೆ ಉಳಿಯುವುದು ಹಿಂಬಾಗಿಲು, ಅಡಿಭಾಗ, ಛಾವಣಿ, ಒಳಾಂಗಣ ಎಂಬ ನಾಲ್ಕು ತಾಣಗಳು.

ಹಿಂಬಾಗಿಲು ಜೀಪುಗಳ ಸಂಪ್ರದಾಯ. 1985ರಲ್ಲಿ ಬಂದ ಮಾರುತಿ ಜಿಪ್ಸಿ, 1994ರ ಟಾಟಾ ಸುಮೊ, 1998ರ ಸಫಾರಿ, ಅನಂತರದ ಬೊಲೆರೊ, 2010ರ ಥಾರ್ ಮತ್ತು 2020ರಲ್ಲಿ ಬಂದ ಅದರ ಹೊಸ ರೂಪ, 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಜಿಮ್ನಿ, ಎಲ್ಲದರ ಬೆನ್ನಮೇಲೂ ಚಕ್ರವಿದೆ. ಈ ಪದ್ಧತಿಯ ದೊಡ್ಡ ಗುಣವೆಂದರೆ ಚಕ್ರ ಸದಾ ಕಣ್ಣಮುಂದಿರುತ್ತದೆ. ಗಾಳಿ ನೋಡುವ ಹುಡುಗನಿಗೂ ಅದು ಕಾಣುತ್ತದೆ, ಕದಿಯಬಂದವನಿಗೂ ಕಾಣುತ್ತದೆ. ಎರಡನೆಯವನಿಗಾಗಿ ಬೀಗವುಳ್ಳ ನಟ್ಟು ಬೇಕು. ವಾಹನದ ಅಡಿ ಬರಿದಾಗಿರುವುದರಿಂದ ಕಡಿದಾದ ದಿಣ್ಣೆಯನ್ನು ಇಳಿದು ಸಮನೆಲಕ್ಕೆ ಬರುವಾಗ ಹಿಂಭಾಗ ನೆಲಕ್ಕೆ ಉಜ್ಜುವುದು ಕಡಮೆ. ಈ ನಿರ್ಗಮನ ಕೋನವನ್ನು ತಯಾರಕರು ಹೊಸ ಥಾರಿಗೆ 36.8 ಡಿಗ್ರಿ ಎಂದು ತಿಳಿಸಿದ್ದಾರೆ. ಅಡಿಯಲ್ಲಿ ಚಕ್ರ ನೇತಾಡುವ ವಾಹನಕ್ಕೆ ಇಂತಹ ಅಂಕಿ ದೊರಕುವುದು ಕಷ್ಟ.

ದೋಷಗಳೂ ಇಲ್ಲದಿಲ್ಲ. ಹಿಂದಿನ ಆಕ್ಸಲಿಗಿಂತಲೂ ಹಿಂದೆ ತೂಗುವ ಭಾರ ತನ್ನ ತೂಕಕ್ಕಿಂತ ಹೆಚ್ಚನ್ನು ಆ ಆಕ್ಸಲಿನ ಖಾತೆಗೆ ಬರೆಯುತ್ತದೆ. ಎರಡು ಆಕ್ಸಲುಗಳ ಅಂತರ 2.45 ಮೀಟರ್ ಇರುವ ವಾಹನದಲ್ಲಿ, 35 ಕಿಲೋ ಚಕ್ರವನ್ನು ಹಿಂದಿನ ಆಕ್ಸಲಿಗಿಂತ ಮುಕ್ಕಾಲು ಮೀಟರ್ ಹಿಂದಕ್ಕೆ ತೂಗಿಸಿದರೆ, ಹಿಂದೆ ಸುಮಾರು 46 ಕಿಲೋ ಏರಿ, ಮುಂದೆ 11 ಕಿಲೋ ಇಳಿಯುತ್ತದೆ. ತಯಾರಕರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಸ್ಪ್ರಿಂಗುಗಳನ್ನು ಕೂಡಿಸಿರುತ್ತಾರೆ. ಕೊಂಡವರು ಚಂದಕ್ಕಾಗಿ ಇನ್ನೂ ದಪ್ಪ ಟೈರು ಹಾಕಿಸಿದಾಗ ಆ ಲೆಕ್ಕ ತಪ್ಪುತ್ತದೆ. ಬಾಗಿಲಿನ ಕೀಲುಗಳು ಸಡಿಲಗೊಂಡು ಕಟಕಟ ಎನ್ನತೊಡಗುತ್ತವೆ, ಚಕ್ರದ ಚೌಕಟ್ಟಿನ ಸುತ್ತ ತಗಡು ಬಿರಿಯುವುದೂ ಉಂಟು. ಹಿಂದಿನ ಗಾಜಿನ ಕೆಳಭಾಗವನ್ನು ಚಕ್ರ ಮರೆಮಾಡುವುದರಿಂದ, ಹಿಂದಕ್ಕೆ ಬರುವಾಗ ಚಿಕ್ಕ ಮಗು ಕಾಣದೆ ಹೋಗುವ ಅಪಾಯ ನಿಜವಾದುದು. ಹಿಂದಿನ ಕ್ಯಾಮೆರಾ ಕೆಸರು ಮೆತ್ತಿಕೊಂಡಿದ್ದರೆ ಅದರಿಂದಲೂ ಪ್ರಯೋಜನವಿಲ್ಲ.

ಬಾಗಿಲು ಯಾವ ಕಡೆಗೆ ತೆರೆಯುತ್ತದೆಂಬುದನ್ನು ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ನೋಡಬೇಕು. ಎಡಗಡೆ ಸಂಚರಿಸುವ ನಮ್ಮ ದೇಶದಲ್ಲಿ ಕೀಲುಗಳು ಬಲಗಡೆಯಿದ್ದರೆ ಬಾಗಿಲು ದಾರಿಯ ಅಂಚಿನ ಕಡೆಗೆ ಬಾಯಿ ಬಿಡುತ್ತದೆ. ಸಾಮಾನು ಇಳಿಸುವವರು ಲಾರಿಗಳು ಸಾಗುವ ಕಡೆಗೆ ನಿಲ್ಲಬೇಕಾಗುವುದಿಲ್ಲ. ಇಳಿಜಾರಿನಲ್ಲಿ ಮಾತ್ರ ಇನ್ನೊಂದು ಎಚ್ಚರ ಬೇಕು. ಚಕ್ರ ಹೊತ್ತ ಬಾಗಿಲು ತನ್ನಷ್ಟಕ್ಕೆ ಬೀಸಿ ಮುಚ್ಚಿದರೆ ಕೈಬೆರಳು ಉಳಿಯುವುದು ದುಸ್ತರ. ಬಾಗಿಲನ್ನು ತೆರೆದ ಸ್ಥಿತಿಯಲ್ಲಿ ತಡೆದು ನಿಲ್ಲಿಸುವ ಸರಳು ಬಿಗಿಯಾಗಿದೆಯೇ ಎಂದು ಪರೀಕ್ಷಿಸದೆ ಮಕ್ಕಳನ್ನು ಅತ್ತ ಬಿಡಬಾರದು.

ಚಕ್ರವನ್ನು ಬಾಗಿಲಿಗೆ ಬದಲಾಗಿ ಬಂಪರಿನಿಂದ ಹೊರಟ ಉಕ್ಕಿನ ತೋಳಿಗೆ ತೂಗುವ ಕ್ರಮವೂ ಒಂದಿದೆ. ಭಾರ ಬಾಗಿಲಿನಿಂದ ಚಾಸಿಸ್ಸಿಗೆ ಹೋಗುತ್ತದೆ. ಬಹು ದಪ್ಪ ಟೈರುಗಳಿಗೆ ಇದೇ ಸರಿಯಾದ ಉಪಾಯ. ಆದರೆ ಆ ಬಂಪರೂ ತೋಳೂ ಸೇರಿ ಹಲವೊಮ್ಮೆ ಚಕ್ರದಷ್ಟೇ ತೂಗುತ್ತವೆ, ಮತ್ತು ಒಂದು ಚೀಲ ತೆಗೆಯಲು ಎರಡು ಬಾಗಿಲು ತೆರೆದಂತಾಗುತ್ತದೆ. ವರ್ಷಕ್ಕೆರಡು ಬಾರಿ ಊರಿಗೆ ಹೋಗುವವರಿಗೆ ಇದು ಬೇಡದ ಖರ್ಚು.

ವಾಹನಗಳು ಪಟ್ಟಣದ ಕಡೆಗೆ ವಾಲಿದಂತೆ ಚಕ್ರ ಹಿಂಬಾಗಿಲಿನಿಂದ ಅಡಿಗೆ ಇಳಿಯಿತು. 2002ರ ಸ್ಕಾರ್ಪಿಯೋ ಆರಂಭದಿಂದಲೂ ಹಾಗೆಯೇ ಇತ್ತು. ಹಿಂಬಾಗಿಲಿನಲ್ಲಿ ಚಕ್ರ ಹೊತ್ತಿದ್ದ ಸಫಾರಿ 2012ರಲ್ಲಿ ಸ್ಟಾರ್ಮ್ ಆದಾಗ ಅದನ್ನು ಹೊಟ್ಟೆಯ ಕೆಳಗೆ ಸೇರಿಸಿಕೊಂಡಿತು. ಫೋರ್ಡ್ ಎಂಡೆವರಿನ ಕಥೆಯೂ ಅದೇ. ಭಾರದ ಮಾನದಂಡದಿಂದ ಅಳೆದರೆ ಇದಕ್ಕಿಂತ ಒಳ್ಳೆಯ ತಾಣವಿಲ್ಲ: ತೂಕ ನೆಲದ ಹತ್ತಿರವಿರುತ್ತದೆ, ನೋಟಕ್ಕೆ ಅಡ್ಡಿಯಿಲ್ಲ, ಬಾಗಿಲು ಹಗುರ. ಎರಡನೆಯ ಮಾನದಂಡಕ್ಕೆ ಬಂದಾಗ ಚಿತ್ರ ತಲೆಕೆಳಗಾಗುತ್ತದೆ. ಬಂಪರಿನ ಮೇಲಿನ ರಂಧ್ರದಲ್ಲಿ ಉದ್ದನೆಯ ಸರಳನ್ನು ತೂರಿಸಿ ತಿರುಗಿಸಿದರೆ ಸರಪಳಿಯೋ ಉಕ್ಕಿನ ಹಗ್ಗವೋ ಬಿಚ್ಚಿಕೊಂಡು ಚಕ್ರ ಕೆಳಗಿಳಿಯಬೇಕು. ಕೊಂಕಣ ತೀರದ ಉಪ್ಪುಗಾಳಿಯನ್ನೂ ನಾಲ್ಕು ಮಳೆಗಾಲಗಳ ಕೆಸರನ್ನೂ ಉಂಡ ಆ ಯಂತ್ರ ಅಗತ್ಯದ ದಿನವೇ ಹಟ ಹಿಡಿಯುತ್ತದೆ. ಹಿಂದಿನ ಟೈರೇ ಗಾಳಿ ಕಳೆದುಕೊಂಡಿದ್ದರೆ ವಾಹನ ತಗ್ಗಿರುತ್ತದೆ. ಕೆಸರಿನಲ್ಲಿ ಹೂತಿದ್ದರಂತೂ ಚಕ್ರವನ್ನು ಎಳೆದು ತೆಗೆಯಲು ಎಡೆಯೇ ಇರದು. ಆಗ ಮೊದಲು ಜ್ಯಾಕು ಕೊಟ್ಟು ಎತ್ತಿ, ಅನಂತರ ಚಕ್ರಕ್ಕೆ ಕೈಹಾಕಬೇಕಾಗುತ್ತದೆ. ಜ್ಯಾಕಿನ ಮೇಲಷ್ಟೆ ನಿಂತ ವಾಹನದ ಅಡಿಗೆ ತಲೆ, ಎದೆ, ತೋಳು ಯಾವುದನ್ನೂ ಚಾಚಬಾರದೆಂಬುದು ಕಬ್ಬಿಣದ ಕಟ್ಟಳೆ. ಉದ್ದನೆಯ ಕೊಕ್ಕೆಯೊಂದನ್ನು ಸಲಕರಣೆಗಳ ಚೀಲದಲ್ಲಿಟ್ಟುಕೊಂಡರೆ ಈ ಕಟ್ಟಳೆ ಮೀರುವ ಪ್ರಸಂಗ ಬರುವುದಿಲ್ಲ.

ಛಾವಣಿಯ ಮಾತಿಗೆ ಬಂದರೆ, ಚಿತ್ರಗಳಲ್ಲಿ ಕಾಣುವ ಆಫ್ರಿಕದ ಕಾಡಿನ ಸವಾರಿಗಳಿಂದ ಮೋಹಗೊಂಡು ಕ್ಯಾರಿಯರಿನ ಮೇಲೆ ಚಕ್ರ ಏರಿಸುವವರು ನಮ್ಮಲ್ಲಿಯೂ ಹೆಚ್ಚುತ್ತಿದ್ದಾರೆ. ಇದರಿಂದ ಆಗುವ ನಷ್ಟವನ್ನು ಅಂದಾಜಿನ ಲೆಕ್ಕವೊಂದರಿಂದ ತೋರಿಸಬಹುದು. 1,750 ಕಿಲೋ ತೂಕದ ವಾಹನವೊಂದರ ಗುರುತ್ವಕೇಂದ್ರ ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿದೆ, ಎಡಬಲ ಚಕ್ರಗಳ ನಡುವಿನ ಅಂತರ 152 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಅದು ನಿಂತಲ್ಲೇ ಮಗ್ಗುಲಿಗೆ ಮಗುಚಲು ಸುಮಾರು 47 ಡಿಗ್ರಿ ವಾಲಬೇಕು. 35 ಕಿಲೋ ಚಕ್ರವನ್ನು 1.9 ಮೀಟರ್ ಎತ್ತರದ ಛಾವಣಿಗೆ ಏರಿಸಿದರೆ ಗುರುತ್ವಕೇಂದ್ರ ಎರಡೂಕಾಲು ಸೆಂಟಿಮೀಟರಿನಷ್ಟು ಮೇಲೇರಿ ಒಂದು ಡಿಗ್ರಿ ನಷ್ಟವಾಗುತ್ತದೆ. ಅದೇನು ಮಹಾ ಎನ್ನಬಹುದು. ಆದರೆ ಛಾವಣಿಗೆ ಚಕ್ರ ಒಂಟಿಯಾಗಿ ಹೋಗುವುದಿಲ್ಲ. ಅದರೊಡನೆ ಕ್ಯಾರಿಯರು, ಇಂಧನದ ಡಬ್ಬಿ, ಸೂಟ್‌ಕೇಸು, ಊರಿನಿಂದ ಹೊರಟ ಹಲಸಿನಹಣ್ಣು ಎಲ್ಲ ಸೇರಿ 100 ಕಿಲೋ ಆಗುವುದು ಕ್ಷಣಮಾತ್ರದ ಕೆಲಸ. ಆಗ ನಷ್ಟ ಎರಡೂವರೆ ಡಿಗ್ರಿಗೆ ಮುಟ್ಟುತ್ತದೆ. ಇದು ಗಟ್ಟಿನೆಲದ ಮೇಲೆ ಅಲುಗದೆ ನಿಂತ ವಾಹನದ ಲೆಕ್ಕ. ಘಾಟಿಯ ತಿರುವಿನಲ್ಲಿ ಸ್ಪ್ರಿಂಗುಗಳು ಕುಗ್ಗಿ ವಾಹನ ಹೊರಕ್ಕೆ ಒಲೆಯುವಾಗ ನಿಜವಾದ ಅಂಚು ಇದಕ್ಕಿಂತ ಬಹಳ ಮೊದಲೇ ಬರುತ್ತದೆ. ಮೇಲಾಗಿ ಆ ಚಕ್ರವನ್ನು ತಲೆಯ ಮಟ್ಟಕ್ಕಿಂತ ಮೇಲಿನಿಂದ ಮಳೆಯಲ್ಲಿ ಒಬ್ಬರೇ ಇಳಿಸುವುದು, ಮತ್ತೆ ಕೆಟ್ಟ ಚಕ್ರವನ್ನು ಅಲ್ಲಿಗೇ ಏರಿಸುವುದು! ಎರಡು ಮಾನದಂಡಗಳಲ್ಲಿಯೂ ಸೋಲುವ ತಾಣವೆಂದರೆ ಇದೊಂದೇ.

ಒಳಾಂಗಣದಲ್ಲಿ ಚಕ್ರ ಬಿಸಿಲು ಮಳೆಗಳಿಂದಲೂ ಕಳ್ಳರಿಂದಲೂ ದೂರವಿರುತ್ತದೆ. ಇಬ್ಬರೇ ಪಯಣಿಸುವವರಿಗೆ ತಕ್ಕುದು, ಆದರೆ ಕಟ್ಟದೆ ಇಡಕೂಡದು. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ವಾಹನ ಫಕ್ಕನೆ ನಿಂತರೆ ಒಳಗಿನ ಬಿಡಿ ಚಕ್ರ, ಸುಮಾರು ಹತ್ತು ಮೀಟರ್, ಅಂದರೆ ಮೂರು ಅಂತಸ್ತಿನ ಎತ್ತರದಿಂದ ಬಿದ್ದ ಚಕ್ರದಷ್ಟೇ ರಭಸದಿಂದ ಮುಂದಿನವರ ಬೆನ್ನಿಗೆ ಎರಗುತ್ತದೆ. ಚಾಸಿಸ್ಸಿಗೆ ಬೋಲ್ಟಿನಿಂದ ಬಿಗಿದ ಕೊಂಡಿಗಳಿಗೆ ಅದನ್ನು ಕಟ್ಟಬೇಕೇ ಹೊರತು ಸೀಟಿನ ಕಾಲಿಗಲ್ಲ.

ಇನ್ನು ಸೊಂಟದ ವಿಚಾರ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಹಾಗೂ ಆರೋಗ್ಯದ ರಾಷ್ಟ್ರೀಯ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಂತೆ, ಎಲ್ಲ ಅನುಕೂಲಗಳೂ ಇದ್ದಾಗ ಒಬ್ಬರು ಕೈಯಿಂದ ಎತ್ತುವ ಭಾರಕ್ಕೆ 23 ಕಿಲೋ ಮೇಲ್ಮಿತಿ. ಭಾರ ಮೈಯಿಂದ ದೂರವಿದ್ದಂತೆ, ನೆಲಕ್ಕೆ ಹತ್ತಿರವಿದ್ದಂತೆ, ಎತ್ತುವಾಗ ನಡು ತಿರುಚಿದಂತೆ ಈ ಮಿತಿ ಇಳಿಯುತ್ತ ಹೋಗುತ್ತದೆ. ಚಕ್ರ ಎತ್ತುವಾಗ ಈ ಮೂರೂ ಒಟ್ಟಿಗೆ ಕೂಡುತ್ತವೆ. ಬೆನ್ನಿನ ಸ್ನಾಯುಗಳು ಬೆನ್ನೆಲುಬಿನ ಅಕ್ಷದಿಂದ ಕೇವಲ 5 ಸೆಂಟಿಮೀಟರ್ ದೂರದಲ್ಲಿ ನಿಂತು ಎಳೆಯುತ್ತವೆ. ಚಕ್ರವನ್ನು ಅರ್ಧ ಮೀಟರ್ ಮುಂದೆ ಚಾಚಿ ಹಿಡಿದರೆ ಸ್ನಾಯುಗಳು ಹತ್ತು ಪಟ್ಟು ಎಳೆಯಬೇಕು. 35 ಕಿಲೋ ಚಕ್ರಕ್ಕೆ 350 ಕಿಲೋದಷ್ಟು ಬಲ. ಇದರ ಒತ್ತಡವೆಲ್ಲ ಬೀಳುವುದು ಸೊಂಟದ ಕೆಳಗಿನ ಎರಡು ಮೂರು ಕಶೇರುಗಳ ನಡುವಿನ ಮೆತ್ತೆಯ ಮೇಲೆ. ಅದು ಹೊರಚಾಚಿ ನರವನ್ನು ಒತ್ತಿದರೆ ನೋವು ತೊಡೆಯಿಂದ ಪಾದದವರೆಗೂ ಇಳಿಯುತ್ತದೆ. ಪಂಕ್ಚರಿಗೆ ಆಗುವ ಖರ್ಚು ಕೆಲವು ನೂರು ರೂಪಾಯಿ. ಈ ಬೇನೆ ಮಾತ್ರ ತಿಂಗಳುಗಟ್ಟಲೆ ರಜೆ ಹಾಕಿಸೀತು.

ಆದಕಾರಣ ವಾಹನ ನಿಂತೊಡನೆ ಚಕ್ರಕ್ಕೆ ಕೈಹಾಕದೆ ಐದು ನಿಮಿಷ ಅಡ್ಡಾಡಿ ಮೈ ಸಡಿಲಿಸಿಕೊಳ್ಳುವುದು ಲೇಸು. ಆ ಅವಧಿಯಲ್ಲಿ ಎಚ್ಚರಿಕೆಯ ತ್ರಿಕೋನವನ್ನು ದೂರದಲ್ಲಿಟ್ಟು, ಕೈಬ್ರೇಕು ಎಳೆದು, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ತಾಯಿಯನ್ನೂ ಮಕ್ಕಳನ್ನೂ ವಾಹನದಿಂದ ಇಳಿಸಿ ದಾರಿಯಿಂದಾಚೆ ಕೂರಿಸಬಹುದು. ಹಿಂಬಾಗಿಲಿನ ಚಕ್ರವನ್ನು ಬಿಚ್ಚುವಾಗ ಕೊನೆಯ ನಟ್ಟು ತೆಗೆಯುವ ಮುನ್ನ ಮೊಣಕಾಲನ್ನು ಅದರ ಅಡಿಗೆ ಆನಿಸಿ, ತೊಡೆಯ ಮೇಲಿಂದ ಜಾರಿಸಿ ಇಳಿಸಬೇಕು. ನೆಲಕ್ಕೆ ಬಂದ ಮೇಲೆ ಅದನ್ನು ಹೊರುವುದಲ್ಲ, ಉರುಳಿಸುವುದು. ಚಕ್ರ ಹುಟ್ಟಿದ್ದೇ ಅದಕ್ಕಾಗಿ. ಜ್ಯಾಕು ಎತ್ತುವಾಗ ಅದನ್ನು ಚಾಸಿಸ್ಸಿನ ಅಡಿಗೆ ಮಲಗಿಸಿಟ್ಟರೆ, ಜ್ಯಾಕು ಜಾರಿದರೂ ವಾಹನ ಅದರ ಮೇಲೆ ಕೂರುತ್ತದೆ. ಕೆಟ್ಟ ಚಕ್ರವನ್ನು ಬಾಗಿಲಿಗೆ ಏರಿಸುವಾಗ ಒಂದೇ ಎತ್ತಿಗೆ ಹೋಗದೆ, ಮರದ ಪೆಟ್ಟಿಗೆಯ ಮೇಲೋ ಚಪ್ಪಟೆ ಕಲ್ಲಿನ ಮೇಲೋ ಮೊದಲು ನಿಲ್ಲಿಸಿ, ಅಲ್ಲಿಂದ ಇಬ್ಬರು ಎರಡು ಬದಿಗೆ ನಿಂತು ಎತ್ತಬೇಕು. ಎರಡನೆಯವರು ಸಿಗದಿದ್ದರೆ ಅದನ್ನು ಒಳಗೆ ಉರುಳಿಸಿ ಕಟ್ಟಿ ಮುಂದಿನ ಊರಿನವರೆಗೆ ಸಾಗುವುದರಲ್ಲಿ ಅವಮಾನವೇನಿಲ್ಲ.

ಐದನೆಯ ಚಕ್ರವೇ ಏಕೆಂದು ಕೇಳುವವರೂ ಇದ್ದಾರೆ. ಟ್ಯೂಬಿಲ್ಲದ ಟೈರು, ಗಾಳಿಯ ಒತ್ತಡ ತೋರಿಸುವ ಯಂತ್ರ, ಪಂಕ್ಚರ್ ಮುಚ್ಚುವ ಸಾಮಗ್ರಿ ಇರುವ ಕಾರುಗಳಿಗೆ ಬದಲಿ ಚಕ್ರ ಕಡ್ಡಾಯವಲ್ಲವೆಂದು ಕೇಂದ್ರ ಸರಕಾರ 2020ರಲ್ಲಿ ನಿಯಮವನ್ನು ಸಡಿಲಿಸಿದ್ದು ನಿಜ. ಆ ಅಂಟು ಮೊಳೆಯ ತೂತನ್ನು ಮುಚ್ಚೀತು. ಕಲ್ಲು ಸೀಳಿದ ಪಕ್ಕದ ಗೋಡೆಯನ್ನು ಮುಚ್ಚದು. ಕೆಲವು ವಾಹನಗಳಲ್ಲಿ ಜಾಗ ಉಳಿಸಲು ಚಿಕ್ಕ ಚಕ್ರವನ್ನು ಕೊಡುವುದುಂಟು. ಅದು ಡಾಂಬರು ರಸ್ತೆಗೆ, ಅದೂ ಗಂಟೆಗೆ ಸಾಮಾನ್ಯವಾಗಿ 80 ಕಿಲೋಮೀಟರ್ ಮಿತಿಯೊಳಗೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಸುವಾಗ ಒಂದರ ವ್ಯಾಸ ಬೇರೆಯಾಗಿದ್ದರೆ ಗೇರುಗಳು ಒಂದನ್ನೊಂದು ಹಿಂಡಿಕೊಂಡು ಹಾಳಾಗುತ್ತವೆ.

ತಾಣ ಬದಲಿಸುವ ಉತ್ಸಾಹಿಗಳಿಗೆ ಕಾಯಿದೆಯ ಕಟ್ಟೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರ ಮೂಲ ವಿವರಗಳಿಗೆ ಹೊಂದದ ಬದಲಾವಣೆ ಸಲ್ಲದು; ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಚಕ್ರವೋ ಅದರ ತೋಳೋ ನಂಬರು ಫಲಕವನ್ನಾಗಲಿ ದೀಪವನ್ನಾಗಲಿ ಮರೆಮಾಡಿದರೆ ದಂಡ ತಪ್ಪಿದ್ದಲ್ಲ. ಅಪಘಾತದ ಅನಂತರ ವಿಮೆಯ ಪರಿಶೀಲಕರು ಮೊದಲು ಹುಡುಕುವುದೂ ಇಂತಹ ಬದಲಾವಣೆಗಳನ್ನೇ. ಸಾಮಾನ್ಯ ಪಾಲಿಸಿಯಲ್ಲಿ ವಾಹನಕ್ಕೆ ಪೆಟ್ಟಾಗದೆ ಟೈರಿಗಷ್ಟೇ ಆದ ಹಾನಿಗೆ ಪರಿಹಾರ ದೊರೆಯುವುದಿಲ್ಲವೆಂಬುದೂ ತಿಳಿದಿರಲಿ.

ಆದ್ದರಿಂದ ಕುಟುಂಬ ಸಮೇತ ಕಚ್ಚಾದಾರಿ ಹಿಡಿಯುವವರಿಗೆ ಹಿಂಬಾಗಿಲಿನ ಚಕ್ರವೇ ಮೇಲು, ತಯಾರಕರು ಕೊಟ್ಟ ಅಳತೆಯ ಟೈರನ್ನು ಬದಲಿಸದಿರುವವರೆಗೆ. ಅಡಿಯಲ್ಲಿ ಚಕ್ರವಿರುವ ವಾಹನ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಮಾರಬೇಕಾಗಿಲ್ಲ; ಮೂರು ತಿಂಗಳಿಗೊಮ್ಮೆ, ಮುಖ್ಯವಾಗಿ ಮಳೆಗಾಲ ಮುಗಿದೊಡನೆ, ಚಕ್ರವನ್ನು ಪೂರ್ತಿ ಇಳಿಸಿ, ತೊಳೆದು, ಸರಪಳಿಗೆ ಗ್ರೀಸು ಹಚ್ಚಿ ಮತ್ತೆ ಏರಿಸಿದರಾಯಿತು. ಈ ಕೆಲಸವನ್ನು ಗ್ಯಾರೇಜಿನ ಹುಡುಗನಿಂದ ಮಾಡಿಸದೆ, ಭಾನುವಾರ ಬೆಳಗ್ಗೆ ಸೊಸೈಟಿಯ ಅಂಗಳದಲ್ಲಿ ಮನೆಯ ವಯಸ್ಕರೆಲ್ಲ ಸೇರಿ ಮಾಡಬೇಕು. ಸರಳು ಎಲ್ಲಿದೆ, ಬೀಗದ ನಟ್ಟಿನ ಕೀಲಿ ಯಾರ ಬಳಿ ಇದೆ ಎಂಬುದು ಅಂದೇ ಗೊತ್ತಾಗುತ್ತದೆ.

ಅದೇ ವೇಳೆ ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳನ್ನೂ ಓದಿಕೊಳ್ಳಬಹುದು. 2319 ಎಂದರೆ 2019ರ 23ನೆಯ ವಾರದಲ್ಲಿ ತಯಾರಾದುದು. ನೆಲ ಸೋಕದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬಿಸಿಲಿಗೆ ಒಡ್ಡಿದ ಹಿಂಬಾಗಿಲಿನ ಚಕ್ರಕ್ಕೆ ಇನ್ನೂ ಬೇಗ. ಹತ್ತು ವರ್ಷ ತುಂಬಿದ ಟೈರನ್ನು, ಬದಲಿ ಚಕ್ರದ್ದಾದರೂ, ತೆಗೆದುಹಾಕಬೇಕೆಂದು ಮಿಶೆಲಿನ್ ಸಂಸ್ಥೆ ಸಲಹೆ ನೀಡುತ್ತದೆ. ಹೊರಡುವ ಹಿಂದಿನ ದಿನ ಐದೂ ಟೈರುಗಳ ಗಾಳಿ ನೋಡಿಸಬೇಕು. ದಾರಿಯಲ್ಲಿ ಚಕ್ರ ಬದಲಿಸಿದ್ದರೆ 50ರಿಂದ 100 ಕಿಲೋಮೀಟರ್ ಸಾಗಿದ ಮೇಲೆ ಅದರ ನಟ್ಟುಗಳನ್ನೂ, ಹಿಂದೆ ತೂಗುತ್ತಿರುವ ಕೆಟ್ಟ ಚಕ್ರದ ನಟ್ಟುಗಳನ್ನೂ ಇನ್ನೊಮ್ಮೆ ಬಿಗಿಗೊಳಿಸತಕ್ಕದ್ದು. ಪುಣೆಯ ಹೊರಗೆ ಪಂಕ್ಚರಾದವರಿಗೆ ಅದು ಸರಿಸುಮಾರು ಸಾತಾರಾದ ಚಹಾದ ಹೊತ್ತಿಗೆ ಬರುತ್ತದೆ.